ಬ್ಯಾಂಡ್ ಸಾ ಕೈಕೊಟ್ಟಾಗ ಮೊದಲು ಏನು ನೋಡಬೇಕು?

(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಎಸ್.ಎಸ್.ಎಲ್.ಸಿ. ತನಕ ಕಲಿತ ರೈತರು, ಇಂಜಿನಿಯರರಲ್ಲ. ಆದರೆ ಸೊಸೈಟಿಯ ಶೆಡ್ಡಿನ ಉಸ್ತುವಾರಿಯನ್ನು ಆಡಳಿತ ಮಂಡಳಿ ನಮಗೆ ವಹಿಸಿದ್ದರಿಂದ, ಮೇಸ್ತ್ರಿಯ ಬಾಜೂಕ ನಿಂತು ಕಲಿತ ನಾಲ್ಕು ಮಾತು ಹೇಳುತ್ತೇವೆ. ಕೂರಿಗೆ ಕುಂಟೆಯ ಜಾಲಿ, ಚೌಕಟ್ಟಿನ ಸಾಗವಾನಿ, ನೇಕಾರರ ಮಗ್ಗದ ಕಟ್ಟಿಗೆ, ಎಲ್ಲಾ ಅದೇ ಬ್ಯಾಂಡ್ ಸಾಕ್ಕ ಬರತಾವ. ಅದು ನಿಂತರೆ ನಮ್ಮೆಲ್ಲರ ಕೆಲಸವೂ ನಿಂತಂತೆ.

ಮೊದಲನೆಯದು, ಹಲಗೆ ಹಾವಿನಂಗ ಡೊಂಕಾಗಿ ಬರುವುದು. ಆಗ ನಾವು "ಇನ್ನೂ ಜೋರು ತಳ್ಳು" ಅಂತೀವಿ. ಅದೇ ತಪ್ಪು. ಹಲ್ಲು ಮೊಂಡಾಗಿರಬೇಕು, ಬ್ಲೇಡಿನ ಬಿಗುವು ಸಡಿಲಾಗಿರಬೇಕು, ಇಲ್ಲವೆ ಗೈಡು ಕಟ್ಟಿಗೆಯಿಂದ ದೂರ ಇರಬೇಕು. ಜೋರು ತಳ್ಳಿದಷ್ಟೂ ಡೊಂಕು ಹೆಚ್ಚುತ್ತದೆ. ಬ್ಲೇಡು ಸದಾ ಒಂದೇ ಕಡೆ ಎಳೆದರೆ, ಹಲ್ಲುಗಳ ಹೊರಬಾಗು ಎಡಕ್ಕೂ ಬಲಕ್ಕೂ ಸಮ ಇಲ್ಲ, ಅಥವಾ ಒಂದು ಬದಿಯ ಹಲ್ಲು ಮಾತ್ರ ಸವೆದಿದೆ ಎಂದು ತಿಳಿಯಬೇಕು. ಸಾಗವಾನಿಯೊಳಗೆ ಮರಳಿನ ಜಾತಿಯ ಅಂಶ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ. ಖಾನಾಪುರ ಕಡೆಯ ಸಾಗವಾನಿ ಕೊಯ್ದ ದಿನ ಸಾಣೆ ಬೇಗ ಹಿಡಿಯಲೇಬೇಕು.

ಎರಡನೆಯದು, ಕಟ್ಟಿಗೆ ಸುಟ್ಟ ವಾಸನೆ ಬರುವುದು. ಮೊಂಡ ಹಲ್ಲು, ಕಡಿಮೆ ಹೊರಬಾಗು, ಬ್ಲೇಡಿಗೆ ಅಂಟಿದ ಗೋಂದು ಇದಕ್ಕೆ ಕಾರಣ. ಹೊಟ್ಟನ್ನು ಕೈಯಾಗ ಹಿಡಿದು ನೋಡಿರಿ. ಹಿಟ್ಟಿನಂಗ ನುಣ್ಣಗಿದ್ದರೆ ಹಲ್ಲು ಕೊಯ್ಯುತ್ತಿಲ್ಲ, ಬರೇ ತಿಕ್ಕುತ್ತಿದೆ. ಬ್ಲೇಡು ಕಟ್ಟಿಗೆಯಲ್ಲಿ ಸಿಕ್ಕಿಕೊಂಡರೆ ಮೋಟರು ಬಂದ್ ಮಾಡಿ, ಚಕ್ರ ಪೂರ್ತಿ ನಿಂತ ಮೇಲೆ ಸೀಳಿಗೆ ಬೆಣೆ ಹಾಕಿ ಬಿಡಿಸಬೇಕು. ತಿರುಗುವಾಗ ದಿಮ್ಮಿಯನ್ನು ಹಿಂದಕ್ಕೆ ಜಗ್ಗಿದರೆ ಬ್ಲೇಡು ಚಕ್ರದಿಂದ ಜಾರುತ್ತದೆ.

ಮೂರನೆಯದು, ಬ್ಲೇಡು ತುಂಡಾಗುವುದು. ಬಿರುಕು ಬಹಳ ಸಲ ಹಲ್ಲಿನ ಬುಡದಿಂದಲೇ ಹುಟ್ಟುತ್ತದೆ. ಆದ್ದರಿಂದ ಸಾಣೆ ಹಿಡಿಯುವಾಗ ಬುಡ ದುಂಡಗಿರಬೇಕು, ಮೂಲೆ ಬೀಳಬಾರದು, ಉಕ್ಕು ನೀಲಿಯಾಗುವಷ್ಟು ಕಾಯಬಾರದು. ಅತಿ ಬಿಗುವೂ ಕೇಡು. ಸಂಜೆ ಕೆಲಸ ಮುಗಿದ ಮೇಲೆ ಸಡಿಲು ಬಿಡಬೇಕು. ಇನ್ನೊಂದು ಬಲಹೀನ ಜಾಗ ಬೆಸುಗೆಯ ಕೂಡು. ಇಂಗ್ಲೆಂಡಿನಲ್ಲಿ ವಿಲಿಯಂ ನ್ಯೂಬೆರಿ ಎಂಬವನು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲೇ ಈ ಯಂತ್ರಕ್ಕೆ ಪೇಟೆಂಟ್ ಪಡೆದರೂ ಕೂಡು ನಿಲ್ಲದೆ ಅದು ನಡೆಯಲಿಲ್ಲವಂತೆ. 1846ರಲ್ಲಿ ಫ್ರಾನ್ಸಿನ ಕ್ರೆಪಾಂ ಎಂಬ ಹೆಣ್ಣುಮಗಳು ಒಳ್ಳೆಯ ಕೂಡಿನ ದಾರಿ ತೋರಿಸಿದಳು. ಅಂದ ಮೇಲೆ ಬೆಸುಗೆಯನ್ನು ಹಗುರವಾಗಿ ತಿಳಿಯಬಾರದು.

ಕೊನೆಯದು ನಮ್ಮದೇ ತಪ್ಪು. ಕೆಲ ವರ್ಷದ ಹಿಂದೆ ನಮ್ಮ ಬದುವಿನ ಜಾಲಿ ದಿಮ್ಮಿ ತಂದಿದ್ದೆವು. "ಅಣ್ಣಾರ, ಮೊಳೆಗಿಳೆ ಐತೇನ್ರಿ? ತುದಿಗೆ ಮಸಿಯಂಗ ಕಪ್ಪು ಕಾಣಸ್ತದ" ಎಂದು ಮೇಸ್ತ್ರಿ ಕೇಳಿದ. ಗಡಿಬಿಡಿಯಲ್ಲಿ "ಏನೂ ಇಲ್ಲೋ, ಹಾಕು" ಅಂದೆವು. ಅರ್ಧಕ್ಕೆ ಬಂದಾಗ ಬ್ಲೇಡು ಹರಿದು ಅವನ ಮುಂಗೈ ಸೀಳಿತು. ಒಳಗೆ ಇದ್ದದ್ದು, ಬೇಲಿ ತಂತಿ ಕಟ್ಟಲು ನಾವೇ ಹೊಡೆದ ಮೊಳೆ. ಮರ ಬೆಳೆದು ಅದನ್ನು ನುಂಗಿತ್ತು. ಜಾಲಿಯ ಒಗರಿಗೆ ಕಬ್ಬಿಣ ತಾಗಿದರೆ ಹಾಗೆ ಕಪ್ಪಾಗುತ್ತದೆ. ಅವನು ಕಂಡದ್ದು ಅದನ್ನೇ.

ಶೆಡ್ಡಿನಲ್ಲಿ ಎಲ್ಲರೂ "ಬ್ಲೇಡ ಕೆಟ್ಟದ್ದು" ಅಂದರು. ನಾವೂ ಎರಡು ದಿನ ಸುಮ್ಮನಿದ್ದೆವು. ಮೂರನೆಯ ದಿನ ದವಾಖಾನೆಗೆ ಹೋದಾಗ ಅವನು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ, ಅದೇ ತಡೆಯಲಿಲ್ಲ. ಮಂಡಳಿಯ ಸಭೆಯಲ್ಲಿ ಒಪ್ಪಿಕೊಂಡೆವು. ಅವನ ಪಗಾರ, ಔಷಧದ ಖರ್ಚು ನಮ್ಮ ಕೈಯಿಂದಲೇ ಕೊಟ್ಟೆವು. ಗಾಯದ ಗುರುತು ಮಾತ್ರ ಇನ್ನೂ ಅವನ ಕೈ ಮೇಲೆ ಐತಿ.

ಅಂದಿನಿಂದ ಶೆಡ್ಡಿನಲ್ಲಿ ಒಂದು ವಹಿ ಇಟ್ಟಿದ್ದೇವೆ. ಮರ ಎಲ್ಲಿ ಇತ್ತು, ಬೇಲಿ ಕಟ್ಟಿದ್ದರೇ, ಮೊಳೆ ಹೊಡೆದಿದ್ದರೇ ಎಂದು ಮಾಲಕರೇ ಹೇಳಿ ಸಹಿ ಮಾಡಬೇಕು. ಮೇಸ್ತ್ರಿ "ಬ್ಯಾಡ" ಅಂದರೆ ಡೈರೆಕ್ಟರ ದಿಮ್ಮಿಯೂ ಯಂತ್ರದ ಮೇಲೆ ಏರುವುದಿಲ್ಲ. ಬ್ಲೇಡಿಗೆ ಸಾಣೆ ಮೇಸ್ತ್ರಿ ಹಿಡಿಯುತ್ತಾನೆ, ಖರೆ ಹೇಳುವ ಕೆಲಸ ಮಾತ್ರ ನಮ್ಮದು. ಸಹಕಾರ ಅಂದರೆ ಶೇರು ಕಟ್ಟುವುದಷ್ಟೇ ಅಲ್ಲ, ಇದೂ ಸಹಕಾರವೇ.