ಚಿಕ್ಕ ದೋಣಿಯೋ, ದೊಡ್ಡ ದೋಣಿಯೋ?

ಇಂಗ್ಲೆಂಡಿನಲ್ಲಿ ಕಾಂಟೆಸ್ಸಾ ಎಂಬ ಹಾಯಿದೋಣಿಗಳಿವೆ. ಒಂದು ಬಗೆ 26 ಅಡಿಯದು, ಇನ್ನೊಂದು 32. ಜನ ಹೆಚ್ಚಾಗಿ ಕೊಳ್ಳುವುದು ಹಳೆಯದನ್ನೇ. ಆರಡಿ ತಾನೇ ಹೆಚ್ಚು ಎನ್ನಬೇಡಿ. ಚಿಕ್ಕದರ ತೂಕ ಸುಮಾರು 2,450 ಕಿಲೋ, ದೊಡ್ಡದರದು 4,300. ಹಾಯಿ, ಹಗ್ಗ, ಲಂಗರು, ಹಾಯಿಕಂಬವನ್ನು ಬಿಗಿದ ತಂತಿ, ಎಲ್ಲವೂ ತೂಕಕ್ಕೆ ತಕ್ಕಷ್ಟು ದಪ್ಪ. ಅಗ್ಗಕ್ಕೆ ಸಿಕ್ಕಿತೆಂದು ದೊಡ್ಡದನ್ನು ಕೊಂಡವನ ಗಂಟು ಹಳೇ ತಂತಿ ಬದಲಿಸುವಷ್ಟರಲ್ಲೇ ಕರಗೀತು.

ದೊಡ್ಡದಕ್ಕೆ ಗುಣವಿಲ್ಲವೆಂದಲ್ಲ. 1979ರ ಫಾಸ್ಟ್‌ನೆಟ್ ಪಂದ್ಯದ ಬಿರುಗಾಳಿಯಲ್ಲಿ, ಅತಿ ಚಿಕ್ಕ ದೋಣಿಗಳ ವರ್ಗದಲ್ಲಿ ಗುರಿ ಮುಟ್ಟಿದ್ದು 'ಅಸೆಂಟ್' ಎಂಬ 32 ಅಡಿಯ ಕಾಂಟೆಸ್ಸಾ ಒಂದೇ. ಆದರೆ ತಾನ್ಯಾ ಏಬಿ ಎಂಬ ಹುಡುಗಿ 1985ರಲ್ಲಿ, 18ನೇ ವಯಸ್ಸಿಗೆ, ನ್ಯೂಯಾರ್ಕಿನಿಂದ ಹೊರಟು 1987ರಲ್ಲಿ ಲೋಕ ಸುತ್ತಿ ಬಂದದ್ದು 26 ಅಡಿಯ ಮಾದರಿಯಲ್ಲೇ! ಮನೆಮಂದಿಯೆಲ್ಲ ಹೋಗುವುದಿದ್ದರೆ ದೊಡ್ಡದು, ಒಬ್ಬರಿಬ್ಬರಿಗೆ ಚಿಕ್ಕದು ಎನ್ನುತ್ತೇವೆ ನಾವು. ಯಾವುದೇ ಆಗಲಿ, ಹಣ ಕೊಡುವ ಮೊದಲು ನೀರಿನಿಂದ ಮೇಲೆತ್ತಿಸಿ ತಳ ನೋಡಬೇಕು.