ಗಡಿಯ ವ್ಯಾಜ್ಯ: ಕಾಳಗವೋ, ಮಾತುಕತೆಯೋ?

(ಚಿಕ್ಕನರಗುಂದದ ಸಾರ್ವಜನಿಕ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಗಡಿಯ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಾವು ಅಪ್ಪಣೆ ಮಾಡಿರುವಿರಿ. ವಕೀಲನ ಬಾಯಿಗೆ ನಾಲ್ಕೇ ಮಾತಿನ ಕಟ್ಟು ಹಾಕುವದು ಕಷ್ಟದ ಕೆಲಸ, ಆದರೂ ಯತ್ನಿಸುವೆನು. ಸಭೆ ಕೂಡುವದಕ್ಕೆ ಮೊದಲು ಇಲ್ಲಿಯ ತರುಣರೊಬ್ಬರು ನನ್ನನ್ನು ಕೇಳಿದರು: "ವಕೀಲ ಸಾಹೇಬರೇ, ಈ ಅರ್ಜಿ, ಈ ಆಯೋಗ, ಈ ದಾವೆ ಇನ್ನೆಷ್ಟು ವರ್ಷ? ಒಂದು ಸಲ ಕೈಗೆ ಕೈ ಹತ್ತಿಯೇ ಹೋಗಲಿ, ಅಲ್ಲಿಗೆ ಮುಗಿಯುವದಲ್ಲ!" ಆ ಪ್ರಶ್ನೆಯಲ್ಲಿ ಸಿಟ್ಟು ಇತ್ತು, ಕುಚೇಷ್ಟೆ ಇರಲಿಲ್ಲ. ಆದುದರಿಂದ ನಾನು ಬರೆದುಕೊಂಡು ಬಂದುದನ್ನು ಬದಿಗಿಟ್ಟು ಆ ತರುಣರಿಗೇ ಉತ್ತರ ಕೊಡುವೆನು.

ಉತ್ತರವನ್ನು ಹುಡುಕಿಕೊಂಡು ನಾವು ಪರದೇಶಕ್ಕೆ ಹೋಗಬೇಕಾದುದಿಲ್ಲ. ನರಗುಂದದ ಗುಡ್ಡವು ಈ ಎರಿಭೂಮಿಯ ಬಯಲಿನಲ್ಲಿ ದೂರದಿಂದಲೇ ಕಾಣುವದು. ಆ ಗುಡ್ಡದ ಮೇಲಿನ ಕೋಟೆಯ ಸಲುವಾಗಿ ಎರಡು ದೊಡ್ಡ ರಾಜ್ಯಗಳು ಕಾದಾಡಿ, ಕೊನೆಗೆ ನಮ್ಮ ಗಜೇಂದ್ರಗಡದ ಹೆಸರಿನಲ್ಲಿ ಒಂದು ತಹ ಮಾಡಿಕೊಂಡ ಕಥೆಯನ್ನು ನಮ್ಮ ಹುಡುಗರಿಗೆ ಶಾಲೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸುವರು. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಹೈದರನು ಕೃಷ್ಣೆಯವರೆಗಿನ ಸೀಮೆಯನ್ನು ಕೈವಶ ಮಾಡಿಕೊಂಡಾಗ ನರಗುಂದದ ಭಾವೆ ಮನೆತನವು ಅವನಿಗೆ ಪೊಗದಿ ತೆತ್ತು ತನ್ನ ಸಂಸ್ಥಾನವನ್ನು ಉಳಿಸಿಕೊಂಡಿತು. ಅವನ ತರುವಾಯ ಟೀಪೂ ಸುಲ್ತಾನನು ಹಿಂದಿಗಿಂತ ಹೆಚ್ಚಿನ ಪೊಗದಿಯನ್ನು ಕೇಳಿದನು. ವೆಂಕಟರಾಯ ಭಾವೆಯು ಕೊಡಲಾರದೆ ಪುಣೆಯ ಕಡೆಗೆ ಮೋರೆಯಿಟ್ಟನು. ನರಗುಂದವು ತನ್ನ ಮಾಂಡಲಿಕವೆಂದು ಶ್ರೀರಂಗಪಟ್ಟಣವು ಹೇಳಿತು. ತನ್ನ ಆಶ್ರಿತವೆಂದು ಪುಣೆಯು ಹೇಳಿತು. ಹೊಲದಲ್ಲಿ ಬಿತ್ತುವ ಒಕ್ಕಲಿಗನು ಯಾರವನೆಂದು ಯಾರೂ ಕೇಳಲಿಲ್ಲ. 1785ರಲ್ಲಿ ಟೀಪುವಿನ ದಂಡು ಕೋಟೆಗೆ ಮುತ್ತಿಗೆ ಹಾಕಿತು. ಪ್ರಾಣಕ್ಕೆ ಅಪಾಯವಿಲ್ಲವೆಂಬ ಭರವಸೆಯ ಮೇಲೆ ಕೋಟೆಯನ್ನು ಬಿಟ್ಟುಕೊಟ್ಟ ವೆಂಕಟರಾಯನನ್ನೂ ಅವನ ಕಾರಭಾರಿ ಕಾಳೋಪಂತನನ್ನೂ ಸೆರೆಯಾಳುಗಳಾಗಿ ಮೈಸೂರು ಸೀಮೆಗೆ ಒಯ್ಯಲಾಯಿತು. 1786ರ ಮೇ ತಿಂಗಳಲ್ಲಿ ಮರಾಠರೂ ನಿಜಾಮನೂ ಕೂಡಿ ಬಾದಾಮಿಯನ್ನು ಹಿಡಿದರು. ಟೀಪೂ ಆದವಾನಿಯನ್ನು ಹಿಡಿದನು, ತುಂಗಭದ್ರೆಯನ್ನು ದಾಟಿ ಬಂದನು, ಸವಣೂರನ್ನು ಹೊಕ್ಕನು. ಅವರು ಹಿಡಿದದ್ದೂ ಇವರು ಹಿಡಿದದ್ದೂ ನಮ್ಮ ಊರುಗಳೇ. ಎರಡೂ ದಂಡುಗಳ ಕುದುರೆಗಳು ಮೆಯ್ದದ್ದು ನಮ್ಮ ಜೋಳವನ್ನೇ.

1787ರಲ್ಲಿ ಗಜೇಂದ್ರಗಡದ ತಹ ಆಯಿತು. ಟೀಪೂ 48 ಲಕ್ಷ ರೂಪಾಯಿ ಕೊಡತಕ್ಕದ್ದು, ಬಾದಾಮಿಯು ಮರಾಠರಿಗೆ, ನರಗುಂದ, ಕಿತ್ತೂರುಗಳು ಹಿಂದಕ್ಕೆ, ಆದವಾನಿಯು ನಿಜಾಮನಿಗೆ. ಕಾಳೋಪಂತನ ಬಿಡುಗಡೆಯಾಯಿತು. ಎರಡು ವರ್ಷ ರಕ್ತ ಹರಿದ ಮೇಲೆ ನರಗುಂದವು ಮೊದಲು ಎಲ್ಲಿತ್ತೋ ಬಹುಮಟ್ಟಿಗೆ ಅಲ್ಲಿಯೇ ಬಂದು ನಿಂತಿತು.

ತರುಣ ಮಿತ್ರರು ಈಗ, "ಹಾಗಾದರೆ ಮಾತುಕತೆಯೇ ಗೆದ್ದಿತಲ್ಲ?" ಎಂದು ಕೇಳಬಹುದು. ಇಲ್ಲ. ಮೂರೇ ವರ್ಷಗಳಲ್ಲಿ, 1790ರಲ್ಲಿ, ಅದೇ ಮರಾಠರೂ ಅದೇ ನಿಜಾಮನೂ ಇಂಗ್ಲಿಷರ ಜೊತೆಗೆ ಕೂಡಿ ಟೀಪುವಿನ ಮೇಲೆ ಮತ್ತೆ ಹೊರಟರು. 1792ರಲ್ಲಿ ಅವನ ಅರ್ಧ ರಾಜ್ಯ ಹೋಯಿತು, 1799ರಲ್ಲಿ ಪ್ರಾಣವೂ ಹೋಯಿತು. 1818ರಲ್ಲಿ ಪೇಶವೆಯ ರಾಜ್ಯವೂ ಮುಳುಗಿತು. ವಾದಿಯೂ ಹೋದನು, ಪ್ರತಿವಾದಿಯೂ ಹೋದನು. ಆಸ್ತಿಯು ಮೂರನೆಯವನ ಪಾಲಾಯಿತು. ನಮ್ಮ ಕೋರ್ಟುಗಳಲ್ಲಿ ಇಂಥ ಪ್ರಕರಣಗಳನ್ನು ನಾನು ದಿನಾಲು ನೋಡುತ್ತೇನೆ.

ಗಜೇಂದ್ರಗಡದಲ್ಲಿ ಹಣದ ಲೆಕ್ಕ ಚುಕ್ತಾ ಆಯಿತು. ವ್ಯಾಜ್ಯದ ಮೂಲ ಹಾಗೆಯೇ ಉಳಿಯಿತು. ಈ ಭೂಮಿಯು ಯಾರಿಗೆ ಸೇರಬೇಕು, ಯಾವ ತತ್ತ್ವದ ಮೇಲೆ ಸೇರಬೇಕು ಎಂಬ ಪ್ರಶ್ನೆಯನ್ನು ಆ ತಹದಲ್ಲಿ ಯಾರೂ ಎತ್ತಲಿಲ್ಲ. ದಣಿದವರಿಬ್ಬರು ಉಸಿರು ಹಾಕುವದಕ್ಕೆ ಕುಳಿತದ್ದನ್ನು ನಾವು ಸಂಧಿಯೆಂದು ಕರೆಯುತ್ತೇವೆ. ಯುದ್ಧವು ಬೇಡವೆಂದು ಹೇಳುವವರು ಈ ಮಾತನ್ನು ಮರೆಯಬಾರದು. ಬರಿಯ ಮಾತುಕತೆಯಲ್ಲಿಯೂ ವಿಷವಿರುವದುಂಟು.

ಇನ್ನು ಭಾಸ್ಕರರಾಯರ ಮಾತು. ನರಗುಂದದ ಬಾಬಾಸಾಹೇಬರು ಮೊದಲ ದಿನವೇ ಕತ್ತಿ ಹಿರಿದವರಲ್ಲ. ದತ್ತಕಕ್ಕೆ ಮನ್ನಣೆ ಕೊಡಿರೆಂದು ಇಂಗ್ಲಿಷ್ ಸರಕಾರವನ್ನು ಬೇಡಿಕೊಂಡರು, ಅದು ತಿರಸ್ಕೃತವಾಯಿತು. ಮೇಲೆ ಆಯುಧಗಳನ್ನು ಒಪ್ಪಿಸಿರೆಂಬ ಹುಕುಮು ಬಂದಿತು. 1858ರ ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ ಮ್ಯಾನ್ಸನ್ನನ ಶಿರಚ್ಛೇದವಾಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು. ಎಲ್ಲವೂ ಹದಿನೈದು ದಿನಗಳ ಒಳಗೆ. ಅವರನ್ನು ಅವಿವೇಕಿಯೆಂದು ಹೇಳುವ ನಾಲಿಗೆ ನನಗಿಲ್ಲ. ಅಹವಾಲನ್ನು ಕೇಳುವ ಬಾಗಿಲುಗಳೆಲ್ಲವೂ ಮುಚ್ಚಿದ ಮೇಲೆ ಅವರು ಎದ್ದರು. ನ್ಯಾಯಾಧೀಶನೇ ಪ್ರತಿವಾದಿಯಾದಲ್ಲಿ ವಕೀಲನು ಏನು ಮಾಡಬಲ್ಲನು?

1948ರಲ್ಲಿ ಹೈದರಾಬಾದಿನ ಸಂಗತಿಯೂ ಅದೇ ಜಾತಿಯದು. 1947ರ ನವೆಂಬರದಲ್ಲಿ ಯಥಾಸ್ಥಿತಿ ಒಪ್ಪಂದವಾಗಿತ್ತು; ಅದರ ನೆರಳಿನಲ್ಲಿ ರಜಾಕಾರರ ಹಾವಳಿ ನಡೆಯಿತು. ಮುಂಡರಗಿ, ಗಜೇಂದ್ರಗಡಗಳಲ್ಲಿ ಗಡಿಯ ಶಿಬಿರಗಳು ನಿಂತವು. ಸಪ್ಟಂಬರ 13ಕ್ಕೆ ಭಾರತದ ಸೈನ್ಯವು ಒಳಹೊಕ್ಕಿತು, 17ಕ್ಕೆ ನಿಜಾಮನು ಮಣಿದನು. ರಾಯಚೂರು, ಕಲಬುರ್ಗಿ, ಬೀದರಗಳಿಗೆ ಕನ್ನಡ ನಾಡಿನ ದಾರಿ ತೆರೆದದ್ದು ಆ ಐದು ದಿನಗಳಲ್ಲಿಯೇ. ಆದರೆ ಐದು ದಿನಗಳಲ್ಲಿ ಕೆಲಸ ಮುಗಿಯಿತೆಂದು ಹೇಳುವವರು ಆರನೆಯ ದಿನದ ಮಾತನ್ನು ಹೇಳುವದಿಲ್ಲ. ಆ ಮೇಲೆ ಹಳ್ಳಿಹಳ್ಳಿಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನರ ಕೊಲೆಗಳಾದವು. ಪಂಡಿತ ಸುಂದರಲಾಲರ ಸಮಿತಿಯು ತಿರುಗಿ ನೋಡಿ ಅದನ್ನು ಬರೆದಿಟ್ಟಿತು. ನ್ಯಾಯವಾದ ಬಲಪ್ರಯೋಗಕ್ಕೂ ಇಂಥ ಖರ್ಚು ಬೀಳುವದು, ಮತ್ತು ಆ ಖರ್ಚನ್ನು ಕೊಡುವವರು ಬೇರೆಯವರೇ ಆಗಿರುವರು.

ಈಗ ನಮ್ಮ ಏಕೀಕರಣದ ಕಡೆಗೆ ಬರೋಣ. 1956ರ ನವೆಂಬರ 1ನೆಯ ತಾರೀಖು ಯಾವ ಕಾಳಗದ ಫಲ? 1890ರ ವಿದ್ಯಾವರ್ಧಕ ಸಂಘ, ಆಲೂರ ವೆಂಕಟರಾಯರ ಲೇಖನಿ, ರೋಣ ತಾಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ವಿಧಾನಸಭೆಯಲ್ಲಿ ಮಾಡಿದ ವಾದ, 1953ರಲ್ಲಿ ಅದರಗುಂಚಿಯ ಶಂಕರಗೌಡರ ಉಪವಾಸ, ಆಗ ಹುಬ್ಬಳ್ಳಿಯಲ್ಲಿ ಎದ್ದ ಜನಸ್ತೋಮ: ಇವೇ ನಮ್ಮ ದಂಡು. ಇವರೆಲ್ಲರೂ ಹಟವಾದಿಗಳು, ಶಸ್ತ್ರಧಾರಿಗಳು ಯಾರೂ ಅಲ್ಲ. ಮಾತುಕತೆಯೆಂದರೆ ಮೆತ್ತಗಿನ ಕೆಲಸವೆಂದು ತಿಳಿದವರು ಇಪ್ಪತ್ತು ದಿನ ಉಪವಾಸ ಕುಳಿತು ನೋಡಬೇಕು.

ಬಳ್ಳಾರಿಯ ಉದಾಹರಣೆ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯುಕ್ತವಾಗಿ ಕಾಣುವದು. 1953ರಲ್ಲಿ ಆಂಧ್ರ ಪ್ರಾಂತವನ್ನು ಕಡೆಯುವಾಗ ಆ ಜಿಲ್ಲೆಯ ಹತ್ತು ತಾಲೂಕುಗಳನ್ನು ಹಂಚಬೇಕಾಯಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಆರು ತಾಲೂಕುಗಳು ಮೈಸೂರಿಗೆ ಬಂದವು. ಬಳ್ಳಾರಿ ತಾಲೂಕು ಒಂದೇ ಜಗಳದಲ್ಲಿ ಉಳಿಯಿತು. ಅದಕ್ಕೊಬ್ಬ ನ್ಯಾಯಾಧೀಶರನ್ನು, ಮಿಶ್ರ ಎಂಬವರನ್ನು, ನೇಮಿಸಿದರು. ಅವರು ವಿಚಾರಣೆ ನಡೆಸಿ ತಿಂಗಳುಗಳಲ್ಲಿಯೇ ಹೇಳಿದರು. ತಾಲೂಕು ಅಕ್ಟೋಬರ 1ಕ್ಕೆ ಮೈಸೂರನ್ನು ಸೇರಿತು. 1955ರಲ್ಲಿ ಫಜಲ್ ಅಲಿ ಆಯೋಗವು ಅದನ್ನು ಆಂಧ್ರಕ್ಕೆ ಕೊಡಿರೆಂದು ಹೇಳಿದಾಗಲೂ ದಿಲ್ಲಿಯು ಆಗಿಹೋದ ತೀರ್ಮಾನವನ್ನು ಕದಲಿಸಲಿಲ್ಲ. ರಾಯದುರ್ಗ ಹೋದುದಕ್ಕೆ ನಾವು ಇಂದಿಗೂ ಮರುಗುತ್ತೇವೆ. ಆದರೆ ಬಳ್ಳಾರಿಯ ಬೀದಿಯಲ್ಲಿ ಕನ್ನಡಿಗನೂ ತೆಲುಗನೂ ಗಡಿಯ ಸಲುವಾಗಿ ಕಲ್ಲು ಹಿಡಿದು ನಿಲ್ಲುವದಿಲ್ಲ. ಯಾಕೆ? ಮನಸ್ಸುಗಳು ಕಲ್ಲಾಗುವದಕ್ಕೆ ಮೊದಲೇ ಒಬ್ಬನು ತೀರ್ಪು ಹೇಳಿದನು. ತೀರ್ಪು ಹೇಳಿದ ಕೂಡಲೇ ಅದನ್ನು ಜಾರಿ ಮಾಡಲಾಯಿತು.

ಜಾರಿಯ ಮಾತು ಬಂದುದರಿಂದ ಹೇಳುವೆನು: ಹುಕುಮನಾಮೆ ಕೈಗೆ ಬಂದರೆ ಸಾಲದೆಂಬದು ನರಗುಂದದ ರೈತರಿಗಿಂತ ಹೆಚ್ಚು ಯಾರಿಗೆ ಗೊತ್ತು? 2015ರಿಂದ ಅವರು ಧರಣಿ ಕುಳಿತರು. 2018ರಲ್ಲಿ ಮಹದಾಯಿ ನ್ಯಾಯಾಧಿಕರಣವು 13.42 ಟಿ.ಎಂ.ಸಿ. ನೀರು ನಮ್ಮದೆಂದು ಹೇಳಿತು. ಕಾಗದದ ಮೇಲಿನ ನೀರಿನಿಂದ ಗೋವಿನಜೋಳ ಬೆಳೆಯುವದಿಲ್ಲ.

ಬೆಳಗಾವಿಯಲ್ಲಿ ಬಳ್ಳಾರಿಯ ವಿರುದ್ಧವಾದದ್ದು ನಡೆಯಿತು. ಮಹಾರಾಷ್ಟ್ರವು 814 ಹಳ್ಳಿಗಳನ್ನೂ ಬೆಳಗಾವಿ ಶಹರವನ್ನೂ ಕೇಳಿತು. ಆಯೋಗ ಬೇಕೆಂದು ಆಗ್ರಹ ಮಾಡಿದವರೂ ಅವರೇ. ಸೇನಾಪತಿ ಬಾಪಟರು ಅದಕ್ಕಾಗಿ ಉಪವಾಸ ಕುಳಿತರು. 1966ರ ಅಕ್ಟೋಬರದಲ್ಲಿ ನ್ಯಾಯಮೂರ್ತಿ ಮೆಹರಚಂದ ಮಹಾಜನರ ನೇಮಕವಾಯಿತು, 1967ರ ಅಗಸ್ಟದಲ್ಲಿ ವರದಿ ಬಂದಿತು. ಬೆಳಗಾವಿ ಶಹರವು ನಮ್ಮಲ್ಲಿಯೇ ಇರಬೇಕು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ 247 ಹಳ್ಳಿಗಳು ನಮಗೆ ಬರಬೇಕು. ಕಾಸರಗೋಡಿನಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗವೂ ನಮಗೆ ಬರಬೇಕು. 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಬೇಕು. ಆಯೋಗವನ್ನು ಕೇಳಿದವರೇ ವರದಿಯನ್ನು ಒಲ್ಲೆವೆಂದರು, ಕೇರಳವೂ ಒಪ್ಪಲಿಲ್ಲ, ದಿಲ್ಲಿಯು ಅದನ್ನು ಕಪಾಟಿನಲ್ಲಿಟ್ಟಿತು. 1969ರ ಫೆಬ್ರುವರಿಯಲ್ಲಿ ಮುಂಬಯಿಯ ಬೀದಿಗಳಲ್ಲಿ ಈ ಗಡಿಯ ಹೆಸರಿನಿಂದ ದಂಗೆಯಾಗಿ ಐವತ್ತಕ್ಕೂ ಹೆಚ್ಚು ಜನರು ಸತ್ತರು. ಅದರಿಂದ ಒಂದು ಹಳ್ಳಿಯಾದರೂ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಸರಿಯಿತೇ? 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. 2022ರ ಡಿಸೆಂಬರದಲ್ಲಿ ಬಸ್ಸುಗಳಿಗೆ ಕಲ್ಲು ಬಿದ್ದು, ಕೇಂದ್ರದ ಗೃಹಮಂತ್ರಿಗಳು ಎರಡೂ ಕಡೆಯ ಮುಖ್ಯಮಂತ್ರಿಗಳನ್ನು ಕೂಡಿಸಿ, ಮೂರು ಮೂರು ಮಂತ್ರಿಗಳ ಸಮಿತಿಯಾಗಲೆಂದರು. ಕಲ್ಲು ಬಿದ್ದಾಗ ಮಾತ್ರ ಕೂಡುವ ಸಭೆಯು ಕಲ್ಲಿಗೇ ಬೆಲೆ ತರುವದು.

ನಾನು ಈಗ ಹೇಳುವ ಮಾತು ನಿಮ್ಮಲ್ಲಿ ಕೆಲವರಿಗೆ ಸೇರಲಿಕ್ಕಿಲ್ಲ, ಆದರೂ ಹೇಳಲೇಬೇಕು. "ಮಹಾಜನ ವರದಿಯೇ ಅಂತಿಮ" ಎಂದು ನಾವು ಪ್ರತಿಯೊಂದು ವೇದಿಕೆಯ ಮೇಲಿಂದಲೂ ಕೂಗುತ್ತೇವೆ. ನಮ್ಮಲ್ಲಿ ಎಷ್ಟು ಜನರು ಆ ವರದಿಯನ್ನು ಓದಿದ್ದೇವೆ? ಹೋಗತಕ್ಕ 264ರಲ್ಲಿ ಯಾವ ಯಾವ ಊರುಗಳಿವೆಯೆಂಬದನ್ನು ಬಲ್ಲೆವೇ? ನಿಪ್ಪಾಣಿ ಇದೆ, ಖಾನಾಪುರ ಇದೆ, ನಂದಗಡವೂ ಇದೆ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ! ಅಂತಿಮವೆನ್ನುವವನು ಅದನ್ನೂ ಕೂಡಿಸಿಯೇ ಅಂತಿಮವೆನ್ನಬೇಕು. ಬರತಕ್ಕ ಹಳ್ಳಿಗಳನ್ನು ಎಣಿಸುವಾಗ ವರದಿಯು ವೇದವಾಕ್ಯ, ಕೊಡತಕ್ಕ ಹಳ್ಳಿ ಬಂದಾಗ ಅದು ರದ್ದಿ ಕಾಗದ ಎಂದರೆ ನಮಗೂ, ಕೇಳಿ ಪಡೆದ ಆಯೋಗವನ್ನು ಧಿಕ್ಕರಿಸಿದವರಿಗೂ ಏನು ಭೇದ? ನಂದಗಡವನ್ನು ಬಿಡಲಾರೆವಾದರೆ ಹಾಗೆಂದು ಬಾಯಿಬಿಟ್ಟು ಹೇಳೋಣ. ಅದರ ಬದಲಿಗೆ ಏನು ಕೊಡುವೆವೆಂಬದನ್ನೂ ಹೇಳೋಣ. ನನ್ನ ಸ್ವಂತ ಅಭಿಪ್ರಾಯವನ್ನು ಕೇಳಿದರೆ, ನಾನು ಬಿಡಲಾರೆ. ಆದುದರಿಂದಲೇ "ಅಂತಿಮ" ಎಂಬ ಘೋಷಣೆಯನ್ನು ನಾನು ಇತ್ತೀಚೆಗೆ ಕೂಗುವದಿಲ್ಲ.

ಮತ್ತೊಂದು ಸಂಗತಿ. ಗೆರೆಯನ್ನು ಎಲ್ಲಿಯೇ ಎಳೆದರೂ ಆಚೆ ಕೆಲವು ಕನ್ನಡಿಗರು, ಈಚೆ ಕೆಲವು ಮರಾಠಿಗರು ಉಳಿಯುವರು. 1921ರಲ್ಲಿ ಸ್ವೀಡನ್, ಫಿನ್‌ಲೆಂಡ್ ದೇಶಗಳ ನಡುವಿನ ಆಲಂಡ್ ದ್ವೀಪಗಳ ತಂಟೆಯು ರಾಷ್ಟ್ರಸಂಘದ ಮುಂದೆ ಬಂದಾಗ ದ್ವೀಪಗಳನ್ನು ಫಿನ್‌ಲೆಂಡಿಗೆ ಕೊಟ್ಟರು. ಆದರೆ ಅಲ್ಲಿಯ ಜನರ ಸ್ವೀಡಿಷ್ ಭಾಷೆಗೂ ಶಾಲೆಗಳಿಗೂ ಕಟ್ಟುನಿಟ್ಟಾದ ರಕ್ಷಣೆಯನ್ನು ಬರೆದುಕೊಟ್ಟರು. ನೂರು ವರ್ಷ ಕಳೆದರೂ ಅಲ್ಲಿ ಗುಂಡು ಹಾರಿಲ್ಲ. ಕಾಸರಗೋಡಿನ ಕನ್ನಡ ಶಾಲೆಗೆ ಕನ್ನಡ ಬಲ್ಲ ಮಾಸ್ತರನೇ ಬೇಕೆಂದು ನಾವು ಹೋರಾಡುತ್ತೇವೆ, ಯೋಗ್ಯವೇ. ಖಾನಾಪುರದ ಮರಾಠಿ ಶಾಲೆಯ ಮಾಸ್ತರನ ಮಾತು ಬಂದಾಗಲೂ ನಮ್ಮ ಧ್ವನಿ ಅಷ್ಟೇ ಗಟ್ಟಿಯಾಗಿರಬೇಕು. ಮುಯ್ಯಿಗೆ ಮುಯ್ಯಿ ಎಂಬದು ಬೀಗರಲ್ಲಿ ಮಾತ್ರವಲ್ಲ, ನೆರೆಹೊರೆಯ ನಾಡುಗಳಲ್ಲಿಯೂ ನಡೆಯುವ ಪದ್ಧತಿ.

ಪ್ರಶ್ನೆ ಕೇಳಿದ ತರುಣರು ಇನ್ನೂ ಇಲ್ಲಿಯೇ ಕುಳಿತಿರುವರು, ನೋಡಿ ಸಂತೋಷವಾಯಿತು. ಅವರಿಗೆ ನನ್ನದೊಂದು ವಿನಂತಿ. ಮಹಾಜನ ವರದಿಯ ಪ್ರತಿಯೊಂದನ್ನು ನಾನು ಬರುವ ತಿಂಗಳು ಈ ಊರಿನ ವಾಚನಾಲಯಕ್ಕೆ ತಂದುಕೊಡುವೆನು. ಉಪಾಧ್ಯಾಯರು ಅದರ ಹಳ್ಳಿಗಳ ಯಾದಿಯನ್ನು ಕನ್ನಡದಲ್ಲಿ ಬರೆಯಿಸಲಿ. ಬರತಕ್ಕ 247 ಒಂದು ಹಾಳೆಯ ಮೇಲೆ, ಹೋಗತಕ್ಕ 264 ಇನ್ನೊಂದು ಹಾಳೆಯ ಮೇಲೆ. ಎರಡೂ ಹಾಳೆಗಳನ್ನು ಅಕ್ಕಪಕ್ಕದಲ್ಲಿ ಗೋಡೆಗೆ ಅಂಟಿಸಿರಿ. ಅವನ್ನು ಪೂರ್ತಿಯಾಗಿ ಓದಿದ ಮೇಲೆ ಮತ್ತೊಂದು ಸಭೆ ಕರೆಯಿರಿ. ಆ ದಿನ ನಾನು ಕೇಳುವವರ ಸಾಲಿನಲ್ಲಿ ಕುಳ್ಳಿರುವೆನು, ತರುಣರು ಇಲ್ಲಿ ನಿಂತು ಮಾತಾಡಲಿ.