ಕಾದ ಕಬ್ಬಿಣಕ್ಕೆ ತಕ್ಕ ಬಣ್ಣ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕಬ್ಬಿನ ಹಂಗಾಮು ಮುಗಿಯಿತು. ಕಾರಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರು ಮನೆಯ ಮುಂದೆ ಬಂದು ನಿಂತಿದೆ. ಮಿರಗದ ಮಳೆ ಬರುವ ತನಕ ತಮಗೆ ತುಸು ಬಿಡುವು. ಈ ಬಿಡುವಿನಲ್ಲಿ ಮಾಡತಕ್ಕ ಒಂದು ಸಣ್ಣ ಕೆಲಸವನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ಎಂಜಿನ್ನಿನ ಪಕ್ಕದಲ್ಲಿ, ಸೈಲೆನ್ಸರಿನ ಬುಡದಲ್ಲಿ, ಬೀಡು ಕಬ್ಬಿಣದ ದಪ್ಪ ಕೊಳವೆಯೊಂದನ್ನು ತಾವೆಲ್ಲ ಕಂಡಿದ್ದೀರಿ. ಎಲ್ಲ ಸಿಲಿಂಡರುಗಳ ಹೊಗೆಯನ್ನು ಕೂಡಿಸಿ ಸೈಲೆನ್ಸರಿಗೆ ಒಯ್ಯುವ ಈ ಕೊಳವೆಗೆ ಮ್ಯಾನಿಫೋಲ್ಡ್ ಎನ್ನುತ್ತಾರೆ. ದಸರೆಯ ಪೂಜೆಗೆ ನಾವು ಟ್ರ್ಯಾಕ್ಟರನ್ನು ತೊಳೆದು ಸಿಂಗರಿಸುತ್ತೇವೆ. ಈ ಕೊಳವೆಯ ಕಡೆಗೆ ಮಾತ್ರ ಯಾರ ಲಕ್ಷ್ಯವೂ ಹೋಗುವುದಿಲ್ಲ. ಅದು ಕೆಂಪಗೆ ತುಕ್ಕು ಹಿಡಿದಿರುತ್ತದೆ.

"ಅಷ್ಟು ದಪ್ಪ ಕಬ್ಬಿಣ, ತುಕ್ಕು ಹಿಡಿದರೆ ಏನಾದೀತು?" ಎಂದು ತಾವು ಕೇಳಬಹುದು. ಕೊಳವೆ ಒಂದೆರಡು ವರ್ಷಕ್ಕೆ ತೂತು ಬೀಳುವುದಿಲ್ಲ, ನಿಜ. ಆದರೆ ತುಕ್ಕು ಮೊದಲು ಹಿಡಿಯುವುದು ನಟ್ಟು-ಬೋಲ್ಟುಗಳನ್ನು ಮತ್ತು ಕೂಡು ಜಾಗವನ್ನು. ಬಿಚ್ಚಲು ಹೋದರೆ ಬೋಲ್ಟು ಮುರಿದು ಎಂಜಿನ್ನಿನ ತಲೆಯೊಳಗೇ ಉಳಿಯುತ್ತದೆ. ಪ್ಯಾಕಿಂಗ್ ಸಡಿಲಾಗಿ ಬಿಸಿ ಹೊಗೆ ಪಕ್ಕದಿಂದ ನುಗ್ಗುತ್ತದೆ. ಒಣಗಿದ ರವದಿ ಹತ್ತಿರವಿದ್ದರೆ ಅದಕ್ಕೆ ಬೆಂಕಿ ಹತ್ತುವ ಭಯವಿದೆ. ಪಂಪಿನ ಎಂಜಿನ್ನು ಬಾಗಿಲು ಹಾಕಿದ ಕೋಣೆಯಲ್ಲಿದ್ದರೆ ಆ ಹೊಗೆಯಲ್ಲಿಯ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಮನುಷ್ಯನ ಪ್ರಾಣವನ್ನೇ ತೆಗೆಯಬಲ್ಲದು. ಅದಕ್ಕೆ ವಾಸನೆ ಇಲ್ಲ, ಬಣ್ಣವೂ ಇಲ್ಲ.

ಈ ವಿಷಯದಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ನಾನು ಕೃಷಿ ಡಿಪ್ಲೊಮಾ ಓದಿದವನು, ಮಿಸ್ತ್ರಿಯಲ್ಲ. ಕೆಲಸಕ್ಕೆ ಬಂದ ಹೊಸತರಲ್ಲಿ ಮುಧೋಳ ಕಡೆಯ ಹಿರಿಯ ರೈತರೊಬ್ಬರಿಗೆ, ಬಾಗಿಲು ಕಿಟಕಿಗೆ ಹಚ್ಚುವ ಬೆಳ್ಳಿ ಬಣ್ಣವನ್ನೇ ಮ್ಯಾನಿಫೋಲ್ಡಿಗೂ ಹಚ್ಚಿರಿ ಎಂದು ಹೇಳಿದೆ. ತುಕ್ಕಿನ ಮೇಲೆಯೇ ಹಚ್ಚಿದರು. ಮರುದಿನ ಹೊಲಕ್ಕೆ ಹೋದಾಗ ಅವರು ನಗುತ್ತ, "ಸಾಹೇಬರ, ನಿಮ್ಮ ಬಣ್ಣ ಹೊಗಿಯಾಗಿ ಹೋತ್ರಿ" ಎಂದರು. ನನಗೆ ನಾಚಿಕೆಯಾಯಿತು. ಆ ಮೇಲೆ ತಿಳಿದವರನ್ನು ಕೇಳಿ, ನಾನೇ ಕೈ ಹಚ್ಚಿ ಕಲಿತದ್ದನ್ನು ಈಗ ಹೇಳುತ್ತೇನೆ.

ನೀರು ಕುದಿಯುವುದು 100 ಡಿಗ್ರಿಗೆ. ಭಾರ ಎಳೆಯುವ ಎಂಜಿನ್ನಿನ ಹೊಗೆಯ ಶಾಖ 400 ಡಿಗ್ರಿಯನ್ನು ದಾಟುತ್ತದೆ. ಅಷ್ಟು ಕಾವಿಗೆ ಸಾದಾ ಬಣ್ಣ ಸುಟ್ಟು ಬೂದಿಯಾಗುತ್ತದೆ. ಅಡಿಗೆ ಹಚ್ಚುವ ಸಾದಾ ಕೆಂಪು ಬಣ್ಣವೂ ಸುಟ್ಟು, ಮೇಲಿನದನ್ನು ಹೊಪ್ಪಳಿಕೆಯಾಗಿ ಎಬ್ಬಿಸುತ್ತದೆ. ಇದಕ್ಕೆ ಬೇಕಾದದ್ದು ಶಾಖ ತಡೆಯುವ ಸಿಲಿಕೋನ್-ಅಲ್ಯುಮಿನಿಯಂ ಬಣ್ಣ. ಅದರಲ್ಲಿಯ ಅಲ್ಯುಮಿನಿಯಂ ಚೂರುಗಳು ಮನೆಯ ಹೆಂಚಿನಂತೆ ಒಂದರ ಮೇಲೊಂದು ಕೂತು ನೀರನ್ನು ತಡೆಯುತ್ತವೆ. ಇಂಥ ಬಣ್ಣ 200, 400, 600 ಡಿಗ್ರಿ ತಾಳುವ ಬೇರೆ ಬೇರೆ ತರಗತಿಗಳಲ್ಲಿ ಸಿಗುತ್ತದೆ. ಡಬ್ಬಿಯ ಮೇಲೆ ಓದಿ, 600 ಡಿಗ್ರಿಯದನ್ನೇ ಕೇಳಿರಿ. ಒಂದು ಟ್ರ್ಯಾಕ್ಟರಿಗೆ ಸಣ್ಣ ಡಬ್ಬಿ ಸಾಕು. ನಾಲ್ಕು ಮನೆಯವರು ಕೂಡಿ ತಂದರೆ ಖರ್ಚು ಕಡಿಮೆ.

ಆದರೆ ಬಾಂಧವರೇ, ಒಳ್ಳೆಯ ಬಣ್ಣ ತಂದರೆ ಕೆಲಸ ಮುಗಿಯಲಿಲ್ಲ. ಬಣ್ಣ ನಿಲ್ಲುವುದು ಅದರ ಮೊದಲಿನ ಮತ್ತು ನಂತರದ ಕೆಲಸದಿಂದ. ರಬಕವಿ-ಬನಹಟ್ಟಿಯ ನೇಕಾರರನ್ನು ಕೇಳಿರಿ, ನೂಲನ್ನು ತೊಳೆದು ಹಸನು ಮಾಡದೆ ಯಾರೂ ಬಣ್ಣಕ್ಕೆ ಅದ್ದುವುದಿಲ್ಲ. ಕಬ್ಬಿಣಕ್ಕೂ ಅದೇ ರೀತಿ. ಕ್ರಮ ಹೀಗಿದೆ:

1. ಎಂಜಿನ್ನು ಪೂರ್ತಿ ಆರಿರಲಿ. ಕಾದ ಬೀಡಿನ ಮೇಲೆ ನೀರು ಸುರಿಯಲೇಬೇಡಿರಿ, ಅದು ಸೀಳುತ್ತದೆ.

2. ತಂತಿ ಬ್ರಶ್ಶಿನಿಂದಲೂ ಪಾಲಿಶ್ ಕಾಗದದಿಂದಲೂ ಬೂದು ಬಣ್ಣದ ಕಬ್ಬಿಣ ಕಾಣುವ ತನಕ ತಿಕ್ಕಿರಿ. ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರಿ.

3. ಎಣ್ಣೆಯ ಜಿಡ್ಡನ್ನು ಥಿನ್ನರ್ ಹಚ್ಚಿದ ಅರಿವೆಯಿಂದ ಒರೆಸಿರಿ. ಸೀಮೆಎಣ್ಣೆ ಮೇಲೆ ಪಸೆ ಬಿಡುತ್ತದೆ, ಅದು ಬೇಡ. ಬೀಡಿ, ಬೆಂಕಿ ದೂರವಿರಲಿ.

4. ಒಣ ಹವೆಯ ದಿನ, ಡಬ್ಬಿಯ ತಳದಲ್ಲಿ ಕೂತ ಚೂರುಗಳನ್ನು ಚೆನ್ನಾಗಿ ಕಲಸಿ, ಅಡಿ ಬಣ್ಣವಿಲ್ಲದೆ ಎರಡು ತೆಳು ಕೈ ಹಚ್ಚಿರಿ. ದಪ್ಪ ಹಚ್ಚಿದರೆ ಬೊಕ್ಕೆ ಏಳುತ್ತದೆ. ಪ್ಯಾಕಿಂಗ್ ಕೂಡುವ ಜಾಗಕ್ಕೆ ಬಣ್ಣ ಬೇಡ.

5. ಒಣಗಿದ ಮೇಲೆ ಕಾವು ಕೊಡಿರಿ. ಈ ಬಣ್ಣ ಗಾಳಿಗೆ ಒಣಗಿದರೂ ಗಟ್ಟಿಯಾಗುವುದು ಸುಮಾರು 200 ಡಿಗ್ರಿ ಕಾವಿನಲ್ಲಿ. ಕುಂಬಾರನು ಹಸಿ ಗಡಿಗೆಯನ್ನು ಒಮ್ಮೆಲೇ ಆವಿಗೆಗೆ ಇಡುವುದಿಲ್ಲ. ಅದೇ ಪ್ರಕಾರ ಮೊದಲು ಹತ್ತು ನಿಮಿಷ ಎಂಜಿನ್ನನ್ನು ಖಾಲಿ ನಡೆಸಿ ಆರಲು ಬಿಡಿರಿ. ಆ ಮೇಲೆ ಇಪ್ಪತ್ತು ನಿಮಿಷ ಹಗುರ ಕೆಲಸ ಮಾಡಿಸಿ ಮತ್ತೆ ಆರಿಸಿರಿ. ನಂತರ ಭಾರ ಹಾಕಿರಿ. ಮೊದಲ ದಿನ ತುಸು ಹೊಗೆ ಬಂದರೆ ಅಂಜಬೇಡಿರಿ. ಬಯಲಿನಲ್ಲಿಯೇ ನಡೆಸಿರಿ.

ಬಣ್ಣ ಹೊರಗಿನ ತುಕ್ಕನ್ನು ತಡೆದೀತು, ಒಳಗಿನದನ್ನಲ್ಲ. 1 ಲೀಟರ್ ಡೀಸೆಲ್ ಸುಟ್ಟರೆ ಸುಮಾರು 1 ಲೀಟರ್ ನೀರು ಹಬೆಯಾಗಿ ಹೊರಬೀಳುತ್ತದೆ. ಎಂಜಿನ್ನನ್ನು ಎರಡು ನಿಮಿಷ ನಡೆಸಿ ನಿಲ್ಲಿಸಿದರೆ ಆ ಹಬೆ ತಣ್ಣಗಿನ ಕೊಳವೆಯಲ್ಲಿ ನೀರಾಗಿ ಉಳಿಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ನಡೆಸಿದಾಗಲೆಲ್ಲ ಚೆನ್ನಾಗಿ ಬಿಸಿಯಾಗುವ ತನಕ ನಡೆಸಿರಿ. ನಿಲ್ಲಿಸಿದ ಮೇಲೆ, ಆರಿದ ಸೈಲೆನ್ಸರಿನ ಬಾಯಿಗೆ ಖಾಲಿ ಡಬ್ಬಿ ಮುಚ್ಚಿರಿ. ನಡೆಸುವ ಮುನ್ನ ಅದನ್ನು ಮರೆಯದೆ ತೆಗೆಯಿರಿ. ಬೋಲ್ಟಿನ ಎಳೆಗಳಿಗೆ ಗ್ರಾಫೈಟ್ ಗ್ರೀಸ್ ಸವರಿರಿ.

2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಬಂದುದನ್ನು ಜಮಖಂಡಿ, ಮುಧೋಳ, ಬೀಳಗಿಯ ಹೊಳೆದಂಡೆಯ ಜನ ಮರೆತಿಲ್ಲ. ಎಂಜಿನ್ನು ನೀರಿನಲ್ಲಿ ನಿಂತರೆ ಈ ಬಣ್ಣವೊಂದೇ ಅದನ್ನು ಕಾಯಲಾರದು. ನೀರು ಇಳಿದ ಕೂಡಲೇ ಚಾಲೂ ಮಾಡದೆ, ಮಿಸ್ತ್ರಿಯಿಂದ ಬಿಚ್ಚಿಸಿ ಒಳಗಿನ ನೀರು, ರಾಡಿ ತೆಗೆಸಿರಿ. ಬಣ್ಣದ ಮಾತು ಆ ಮೇಲೆ.

ಸಾಲ ಮಾಡಿ ತಂದ ಯಂತ್ರ ಇದು. ಕಂತು ತೀರುವ ಮೊದಲೇ ಬೋಲ್ಟು ಮುರಿದು ಮೂಲೆಗೆ ಕೂಡಬಾರದು. ಬರುವ ವಾರ ತಮ್ಮಲ್ಲಿ ಯಾರದಾದರೂ ಒಂದು ಟ್ರ್ಯಾಕ್ಟರಿಗೆ ಎಲ್ಲರೆದುರು ಈ ಕೆಲಸ ಮಾಡಿ ತೋರಿಸಲು ನಾನು ಸಿದ್ಧನಿದ್ದೇನೆ. ತಂತಿ ಬ್ರಶ್ಶು ನಾನು ತರುತ್ತೇನೆ. ತಿಕ್ಕುವ ಕೈಗಳು ತಮ್ಮವಿರಲಿ.